ಬರೀ ಆಟ ಆಡಿಸಿದರೆ ಒಂದನೇ ಕ್ಲಾಸಿಗೆ ಕಷ್ಟವಾಗಲ್ವಾ?

ಪ್ರಶ್ನೆ: ಮೇಡಂ, ನಾವು ಡೊಂಬಿವಲಿಯಲ್ಲಿದ್ದೇವೆ. ಮಗಳಿಗೆ 5 ವರ್ಷ, ಸೀನಿಯರ್ ಕೆಜಿ. ಶಾಲೆಯಲ್ಲಿ ಬ್ಲಾಕ್ಸ್, ಮಣ್ಣು, ಹಾಡು, ಕಥೆ ಇಷ್ಟೇ. ಪಕ್ಕದ ಫ್ಲ್ಯಾಟಿನ ಹುಡುಗ ಆಗಲೇ 100ರವರೆಗೆ ಬರೆಯುತ್ತಾನೆ. ಇವಳು ಮನೆಗೆ ಬಂದರೆ ಅಜ್ಜಿ ಜೊತೆ ಚೌಕಾಬಾರಕ್ಕೆ ಕೂರುತ್ತಾಳೆ. ಅತ್ತೆಯವರಿಗೆ ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಟ್ಯೂಷನ್‌ಗೆ ಹಾಕಲೇ?

ಉತ್ತರ: ಟ್ಯೂಷನ್ ಬೇಡ. ಅತ್ತೆಯವರನ್ನು ತಡೆಯಲೂ ಬೇಡಿ. ಇವತ್ತು ಸಂಜೆ ಅವರಿಬ್ಬರ ಪಕ್ಕದಲ್ಲಿ ಕೂತು ಮಗಳ ಬೆರಳನ್ನೇ ನೋಡಿ.

ಕವಡೆ ಹಾಕಿದಳು, ಮೂರು ಬಿತ್ತು ಅಂದುಕೊಳ್ಳಿ. ಕಾಯಿ ಕೂತಿರುವ ಮನೆಯನ್ನೇ ‘ಒಂದು’ ಅಂತ ಎಣಿಸಿದರೆ ಒಂದು ಮನೆ ಹಿಂದೆ ಉಳಿಯುತ್ತಾಳೆ. ಈ ವಯಸ್ಸಿನ ತುಂಬಾ ಮಕ್ಕಳು ಹೀಗೇ ಮಾಡುತ್ತಾರೆ. ‘ಅದಲ್ಲ ಪುಟ್ಟಿ, ಮುಂದಿನ ಮನೆಯಿಂದ ಎಣಿಸು’ ಅಂತ ಅಜ್ಜಿ ಅಂದಾಗ, ಮೂರು ಅಂದರೆ ಇದ್ದಲ್ಲಿಂದ ಮೂರು ಹೆಜ್ಜೆ ಮುಂದೆ ಅಂತ ಅವಳಿಗೆ ಗೊತ್ತಾಗುತ್ತದೆ. ಕೂಡುವ ಲೆಕ್ಕ ಶುರುವಾಗುವುದೇ ಇಲ್ಲಿ. ನಾಲ್ಕೂ ಕವಡೆ ಅಂಗಾತ ಬಿದ್ದರೆ 4, ನಾಲ್ಕೂ ಬೋರಲು ಬಿದ್ದರೆ 8. ಆಡುತ್ತಾ ಆಡುತ್ತಾ ಕವಡೆಗಳನ್ನು ಒಂದೊಂದಾಗಿ ಎಣಿಸುವುದು ನಿಲ್ಲುತ್ತದೆ, ನೋಡಿದ ಕೂಡಲೇ ‘ಮೂರು’ ಅನ್ನುತ್ತಾಳೆ. ಆಮೇಲೆ ಅಜ್ಜಿಯ ಕಾಯಿ ಹೊಡೆಯಲು ಎಷ್ಟು ಬೀಳಬೇಕು ಅಂತ ಮೊದಲೇ ಲೆಕ್ಕ ಹಾಕಿ ಕಾಯುತ್ತಾಳೆ. 100ರವರೆಗೆ ಬರೆಯುವ ಕೆಲವು ಮಕ್ಕಳು, ಡಬ್ಬಿಯಿಂದ 7 ಹುಣಸೆಬೀಜ ಎಣಿಸಿ ಕೊಡು ಅಂದರೆ ತಡವರಿಸುತ್ತಾರೆ.

ಅಜ್ಜಿ ಕನ್ನಡದಲ್ಲಿ ಎಣಿಸುತ್ತಾರೆ ಅಂತಲೂ ಚಿಂತೆ ಬೇಡ. ಎಣಿಸುವುದು ಒಂದು ಭಾಷೆಯಲ್ಲಿ ಗಟ್ಟಿಯಾದರೆ ಇಂಗ್ಲಿಷಿನಲ್ಲಿ ಹೆಸರು ಕಲಿತರಾಯಿತು.

ಇನ್ನು ಬರವಣಿಗೆ. ನಮ್ಮ ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳಿವೆ. 5 ವರ್ಷಕ್ಕೆ ಅವೆಲ್ಲ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಬೆರಳಿಗೂ ಬಲ ಸಾಲದು. ಪುಟಗಟ್ಟಲೆ ಬರೆಸಿದರೆ ಕೈ ನೋಯುತ್ತದೆ, ಬರೆಯುವುದೆಂದರೇ ಬೇಜಾರಾಗುತ್ತದೆ. ಅದರ ಬದಲು ಚಪಾತಿ ಹಿಟ್ಟು ನಾದಲಿ, ಬಟಾಣಿ ಸುಲಿಯಲಿ, ಗ್ಯಾಲರಿಯಲ್ಲಿ ಒಣಹಾಕಿದ ಬಟ್ಟೆಗೆ ಕ್ಲಿಪ್ ಹಾಕಲಿ. ಪೆನ್ಸಿಲ್ ಹಿಡಿಯಲು ಬೇಕಾದ ಬಲ ಇದರಿಂದಲೇ ಬರುವುದು.

2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗೆ ಒಂದೇ ಹಂತ ಅನ್ನುತ್ತದೆ. ಒಂದನೇ, ಎರಡನೇ ಕ್ಲಾಸೂ ಅದರೊಳಗೇ ಬರುತ್ತವೆ, ಅಲ್ಲೂ ಆಟದ ಮೂಲಕವೇ ಕಲಿಸಬೇಕು. ನೀವಿರುವ ಮಹಾರಾಷ್ಟ್ರದಲ್ಲಿ ಇದು ಹೊಸದೂ ಅಲ್ಲ. ಡಹಾಣು ಹತ್ತಿರದ ಬೋರ್ಡಿಯಲ್ಲಿ ಶಿಕ್ಷಣ ತಜ್ಞೆ ತಾರಾಬಾಯಿ ಮೋಡಕ್ 1940ರ ದಶಕದಲ್ಲೇ ಮಕ್ಕಳಿರುವ ಅಂಗಳಕ್ಕೇ ಹೋಗಿ, ಅಲ್ಲೇ ಸಿಗುವ ಕಲ್ಲು, ಚಿಪ್ಪು, ಎಲೆ ಇಟ್ಟುಕೊಂಡು ಕಲಿಸಿದರು.

ಶಾಲೆಯ ಬಗ್ಗೆ ಮಾತ್ರ ಒಂದು ವಿಷಯ ವಿಚಾರಿಸಿಕೊಳ್ಳಿ. ಬ್ಲಾಕ್ಸ್ ಸುರಿದು ಮಕ್ಕಳನ್ನು ಸುಮ್ನೆ ಬಿಟ್ಟರೆ ಸಾಲದು, ಟೀಚರ್ ಜೊತೆಗೆ ಕೂತು ಗಮನಿಸಬೇಕು, ಪ್ರಶ್ನೆ ಕೇಳಬೇಕು. ‘ಈ ತಿಂಗಳು ನನ್ನ ಮಗಳು ಆಟದಲ್ಲಿ ಹೊಸದಾಗಿ ಏನು ಮಾಡಿದಳು?’ ಅಂತ ಕೇಳಿ ನೋಡಿ. ‘ಮುಂಚೆ ಗೋಪುರ ಬಿದ್ದರೆ ಅಳುತ್ತಿದ್ದಳು, ಈಗ ದೊಡ್ಡ ಬ್ಲಾಕ್ ಕೆಳಗಿಡುತ್ತಾಳೆ’ ಅನ್ನುವಂಥ ಉತ್ತರ ಬಂದರೆ ಧೈರ್ಯವಾಗಿರಿ. ‘ಚೆನ್ನಾಗಿದ್ದಾಳೆ’ ಅಂತಷ್ಟೇ ಅಂದರೆ ಬಿಡಬೇಡಿ, ಮುಂದಿನ ತಿಂಗಳು ಹೋಗಿ ಮತ್ತೆ ಕೇಳಿ.