ಓದುಗರ ಪ್ರಶ್ನೆ: ಪಾದುವಾ ವಿಶ್ವವಿದ್ಯಾಲಯಕ್ಕಾಗಿ ವೆನಿಸ್‌ನ ಒಂದು ದಿನವನ್ನು ಬಿಡಬಹುದೇ?

ಪ್ರಶ್ನೆ: ಇಟಲಿ ಪ್ರವಾಸದಲ್ಲಿ ನಮಗೆ ವೆನಿಸ್‌ನಲ್ಲಿ ಮೂರು ದಿನಗಳಿವೆ. ಎಂ.ಬಿ.ಬಿ.ಎಸ್. ಮೊದಲ ವರ್ಷವನ್ನು ಮುಗಿಸಿರುವ ಮಗಳು ಪಾದುವಾ ವಿಶ್ವವಿದ್ಯಾಲಯವನ್ನು ನೋಡಲೇಬೇಕೆಂದು ಹಟ ಹಿಡಿದಿದ್ದಾಳೆ. ಹೊರಗಿನವರನ್ನು ಒಳಗೆ ಬಿಡುತ್ತಾರೆಯೇ? ಒಂದು ದಿನವನ್ನು ಕೊಡುವಂಥದ್ದು ಅಲ್ಲಿ ಏನಿದೆ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಈ ವಾದದಲ್ಲಿ ನಾವು ನಿಮ್ಮ ಮಗಳ ಪಕ್ಷ. ವೆನಿಸ್‌ನಿಂದ ಪಾದುವಾಕ್ಕೆ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ನಿಲ್ದಾಣದಿಂದ ವಿಶ್ವವಿದ್ಯಾಲಯದ ಹಳೆಯ ಕಟ್ಟಡಕ್ಕೆ ನಡೆದೇ ಹೋಗಬಹುದು. ಟ್ರಾಮ್ ಕೂಡ ಇದೆ. ಆ ಕಟ್ಟಡವನ್ನು ಊರಿನವರು ‘ಬೋ’ ಎನ್ನುತ್ತಾರೆ. ಅಲ್ಲಿನ ಆಡುಮಾತಿನಲ್ಲಿ ಅದು ಎತ್ತಿನ ಹೆಸರು. ಹಿಂದೆ ಆ ಜಾಗದಲ್ಲಿ ಎತ್ತಿನ ಗುರುತಿನ ಛತ್ರವೊಂದಿತ್ತು. ಒಳಗಿನ ಐತಿಹಾಸಿಕ ಕೊಠಡಿಗಳನ್ನು ಟಿಕೆಟ್ ಪಡೆದು, ಮಾರ್ಗದರ್ಶಕರ ಜೊತೆಯಲ್ಲಿ ಮಾತ್ರ ನೋಡಬಹುದು. ಇಂಗ್ಲಿಷಿನಲ್ಲಿ ವಿವರಿಸುವ ಸರದಿಗಳೂ ಇರುತ್ತವೆ, ಆದರೆ ಒಂದೊಂದು ಸರದಿಗೂ ಸೇರಿಸಿಕೊಳ್ಳುವ ಜನರ ಸಂಖ್ಯೆಗೆ ಮಿತಿಯುಂಟು. ಆದ್ದರಿಂದ ಮೊದಲು ಈ ಟಿಕೆಟನ್ನು ಕಾದಿರಿಸಿ, ಆಮೇಲೆ ವೆನಿಸ್‌ನ ಉಳಿದ ಕಾರ್ಯಕ್ರಮವನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಜಾಣತನ. ಇದು ಇಂದಿಗೂ ಪದವಿ ಪ್ರದಾನ ನಡೆಯುವ ಕಟ್ಟಡವಾದ್ದರಿಂದ ಕೆಲವು ದಿನ ಕೆಲವು ಕೊಠಡಿಗಳು ಮುಚ್ಚಿರಬಹುದು. ಅದರ ಬದಲು ತಲೆಗೆ ಲಾರೆಲ್ ಎಲೆಗಳ ಹಾರವನ್ನು ತೊಟ್ಟ ಹೊಸ ಪದವೀಧರರು ಬೀದಿಯಲ್ಲಿ ಗೆಳೆಯರ ಗೇಲಿಗೆ ಸಿಕ್ಕಿಕೊಂಡಿರುವುದನ್ನು ಪುಕ್ಕಟೆಯಾಗಿ ನೋಡಬಹುದು.

ಬೊಲೊನ್ಯಾ ವಿಶ್ವವಿದ್ಯಾಲಯದಲ್ಲಿ ತಮಗೆ ಸಾಕಷ್ಟು ಸ್ವಾತಂತ್ರ್ಯವಿಲ್ಲವೆಂದು ಬೇಸತ್ತ ಅಧ್ಯಾಪಕರೂ ವಿದ್ಯಾರ್ಥಿಗಳೂ 1222ರಲ್ಲಿ ಪಾದುವಾಕ್ಕೆ ಬಂದು ನೆಲೆಸಿದ್ದೇ ಈ ವಿಶ್ವವಿದ್ಯಾಲಯದ ಹುಟ್ಟು. 1405ರಲ್ಲಿ ಊರು ವೆನಿಸ್ ಗಣರಾಜ್ಯದ ಕೈಸೇರಿದ ಮೇಲೆ, ಆ ಆಶ್ರಯದಲ್ಲಿ ಯುರೋಪಿನ ನಾನಾ ಕಡೆಯ ವಿದ್ಯಾರ್ಥಿಗಳು ಇಲ್ಲಿಗೆ ಬಂದರು. ಹಳೆಯ ಒಳಾಂಗಣದ ಗೋಡೆಗಳಲ್ಲಿ ಕಿಕ್ಕಿರಿದಿರುವ ಮನೆತನಗಳ ಲಾಂಛನಗಳು ಅವರದೇ. ಸುತ್ತಲೂ ಕಂಬಗಳ ಮೊಗಸಾಲೆ, ನಡುವೆ ಆಕಾಶಕ್ಕೆ ತೆರೆದ ಅಂಗಳ ಇರುವ ಆ ಜಾಗದಲ್ಲಿ ಮಲೆನಾಡಿನವರಾದ ನಿಮಗೆ ತೊಟ್ಟಿಮನೆಯ ನೆನಪಾಗದಿರದು.

ನಿಮ್ಮ ಮಗಳು ನೋಡಬೇಕಾದದ್ದು ಮಾತ್ರ 1595ರಲ್ಲಿ ಆರಂಭವಾದ ಶವಛೇದನದ ರಂಗಮಂದಿರ. ಅಂಗರಚನಾಶಾಸ್ತ್ರದ ಪ್ರಾಧ್ಯಾಪಕ ಫಾಬ್ರಿಚಿಯ ಕಾಲದಲ್ಲಿ ಕಟ್ಟಲಾದ ಇದು ಈ ಬಗೆಯ ಶಾಶ್ವತ ರಂಗಮಂದಿರಗಳಲ್ಲಿ ಉಳಿದಿರುವ ಅತ್ಯಂತ ಹಳೆಯದು. ತಲೆಕೆಳಗಾದ ಶಂಕುವಿನಂತೆ, ಮೊಟ್ಟೆಯಾಕಾರದ ಆರು ಮರದ ಅಂತಸ್ತುಗಳು ಒಂದರ ಮೇಲೊಂದು ಅಗಲವಾಗುತ್ತ ಏರುತ್ತವೆ. ಅಂತಸ್ತುಗಳು ಎಷ್ಟು ಇಕ್ಕಟ್ಟೆಂದರೆ ಕೂರಲು ಸ್ಥಳವೇ ಇಲ್ಲ. ವಿದ್ಯಾರ್ಥಿಗಳು ಚಳಿಗಾಲದಲ್ಲಿ, ಅಂದರೆ ಶವ ಬೇಗನೆ ಕೊಳೆಯದ ದಿನಗಳಲ್ಲಿ, ಕಟಕಟೆಗೆ ಒರಗಿ ನಿಂತೇ ಕೆಳಗಿನ ಮೇಜಿನತ್ತ ಬಗ್ಗಿ ನೋಡುತ್ತಿದ್ದರು. ಇಂದಿನ ಪ್ರವಾಸಿಗರು ಆ ಅಂತಸ್ತುಗಳನ್ನು ಹತ್ತುವಂತಿಲ್ಲ. ಶವವನ್ನು ಇರಿಸುತ್ತಿದ್ದ ತಳದಿಂದ ಕತ್ತೆತ್ತಿ ಮೇಲಕ್ಕೆ ನೋಡಬೇಕು. ಇದನ್ನು ಕೊರತೆಯೆಂದು ಗೊಣಗುವವರಿದ್ದಾರೆ. ಆದರೆ ಒಂದು ವರ್ಷ ಮೇಜಿನ ಪಕ್ಕದಲ್ಲಿ ನಿಂತು ಕಲಿತ ಹುಡುಗಿಗೆ ಮೇಜಿನ ಮೇಲಿದ್ದವರ ಕಡೆಯಿಂದ ನೋಡುವ ಅವಕಾಶ ಬೇರೆಲ್ಲಿ ಸಿಕ್ಕೀತು? ಅಭಿಧಮನಿಗಳ ಕವಾಟಗಳನ್ನು ವಿವರಿಸಿದವನು ಇದೇ ಫಾಬ್ರಿಚಿ. ಅವನ ಶಿಷ್ಯನಾಗಿ 1602ರಲ್ಲಿ ಇಲ್ಲಿ ಪದವಿ ಪಡೆದ ಇಂಗ್ಲೆಂಡಿನ ವಿಲಿಯಂ ಹಾರ್ವೆ, ರಕ್ತವು ದೇಹದಲ್ಲಿ ಸುತ್ತಿ ಮರಳಿ ಹೃದಯಕ್ಕೇ ಬರುತ್ತದೆಂದು 1628ರಲ್ಲಿ ಪ್ರಕಟಿಸಿದಾಗ ಆ ಕವಾಟಗಳೇ ಅವನ ವಾದಕ್ಕೆ ಆಧಾರಗಳಲ್ಲಿ ಒಂದಾದವು.

1592ರಿಂದ 1610ರವರೆಗೆ ಇಲ್ಲಿ ಪಾಠ ಹೇಳಿದ ಗೆಲಿಲಿಯೊ ಬಳಸಿದನೆನ್ನಲಾದ ಒರಟು ಮರದ ಪೀಠವನ್ನೂ ತೋರಿಸುತ್ತಾರೆ.

ಪ್ರಶ್ನೆ: ಅಲ್ಲಿಯೇ ಮೊದಲ ಬಾರಿಗೆ ಮಹಿಳೆಯೊಬ್ಬರಿಗೆ ಡಾಕ್ಟರ್ ಪದವಿ ದೊರೆಯಿತೆಂದು ಮಗಳು ಹೇಳುತ್ತಾಳೆ. ನಿಜವೇ?

ಉತ್ತರ: ತತ್ತ್ವಶಾಸ್ತ್ರದಲ್ಲಿ ವಿಶ್ವವಿದ್ಯಾಲಯದ ಡಾಕ್ಟರ್ ಪದವಿ ಪಡೆದ ಮೊದಲ ಮಹಿಳೆಯೆಂದು ಹೆಸರಾದ ಎಲೆನಾ ಕೊರ್ನಾರೊ ಪಿಸ್ಕೋಪಿಯಾಗೆ ಆ ಗೌರವ ಸಿಕ್ಕಿದ್ದು 1678ರ ಜೂನ್ 25ರಂದು, ಪಾದುವಾದಲ್ಲಿ. ಆಕೆ ಕೇಳಿದ್ದು ದೈವಶಾಸ್ತ್ರದ ಪದವಿ. ಹೆಣ್ಣಿಗೆ ಅದು ಸಲ್ಲದೆಂದು ಊರಿನ ಬಿಷಪ್ ಅಡ್ಡಿಪಡಿಸಿದ್ದರಿಂದ ತತ್ತ್ವಶಾಸ್ತ್ರಕ್ಕೆ ಒಪ್ಪಿಕೊಳ್ಳಬೇಕಾಯಿತು. ಪರೀಕ್ಷೆಯನ್ನು ನೋಡಲು ನೆರೆದ ಜನಸಂದಣಿಗೆ ವಿಶ್ವವಿದ್ಯಾಲಯ ಸಾಲದೆ ಅದನ್ನು ಚರ್ಚಿಗೆ ಸ್ಥಳಾಂತರಿಸಿದರು. ಆಕೆಯ ಪ್ರತಿಮೆ ಬೋ ಕಟ್ಟಡದ ಮೆಟ್ಟಿಲುಗಳ ಬುಡದಲ್ಲಿದೆ. ಅಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಮುನ್ನ ಇನ್ನೊಂದು ಇಸವಿಯನ್ನೂ ಮಗಳಿಗೆ ಹೇಳಿ: ಇಟಲಿಯಲ್ಲಿ ಲಾರಾ ಬಾಸ್ಸಿ ಎಂಬ ಮತ್ತೊಬ್ಬ ಮಹಿಳೆಗೆ ಇಂಥ ಪದವಿ ಸಿಕ್ಕಿದ್ದು 1732ರಲ್ಲಿ, ಅದೂ ಪಾದುವಾದಲ್ಲಲ್ಲ, ಬೊಲೊನ್ಯಾದಲ್ಲಿ.

ಪ್ರಶ್ನೆ: ಮಧ್ಯಾಹ್ನದ ನಂತರ ಸಮಯ ಉಳಿದರೆ?

ಉತ್ತರ: ವಿಶ್ವವಿದ್ಯಾಲಯವು ಔಷಧ ಸಸ್ಯಗಳಿಗಾಗಿ 1545ರಲ್ಲಿ ಆರಂಭಿಸಿದ ತೋಟಕ್ಕೆ ಹೋಗಿ. 1585ರಲ್ಲಿ ನೆಟ್ಟ ತಾಳೆಯ ಜಾತಿಯ ಗಿಡವೊಂದು ಅಲ್ಲಿ ಇನ್ನೂ ಇದೆ. ಬಾಬಾಬುಡನ್ ಗಿರಿಯ ತಪ್ಪಲಿನವರಾದ ನಿಮಗೆ ಮತ್ತೊಂದು ಸಂಗತಿ: ಈಜಿಪ್ಟಿನಲ್ಲಿ ಕಂಡ ಕಾಫಿ ಗಿಡದ ಬಗ್ಗೆ 1592ರಲ್ಲಿ ಬರೆದು ಯುರೋಪಿಗೆ ಅದನ್ನು ಪರಿಚಯಿಸಿದ ಪ್ರೊಸ್ಪೆರೊ ಆಲ್ಪೀನಿ, ಮುಂದೆ ಇದೇ ತೋಟದ ಮುಖ್ಯಸ್ಥನಾದ. ಬೋ ಕಟ್ಟಡದ ಬಳಿಯೇ 1831ರ ಪೆಡ್ರೊಕ್ಕಿ ಕಾಫಿಮನೆಯೂ ಇದೆ. ಕೌಂಟರಿನಲ್ಲಿ ನಿಂತು ಕುಡಿದರೆ, ಇಟಲಿಯ ಇತರ ಕಾಫಿಮನೆಗಳಲ್ಲಿ ಸಾಮಾನ್ಯವಾಗಿ ಇರುವಂತೆ, ಖರ್ಚು ಕಡಿಮೆ.