ಎಲ್ಲವನ್ನೂ ಕ್ಲೌಡ್‌ಗೆ ಹಾಕಿ ಹಾರ್ಡ್ ಡಿಸ್ಕ್ ಬಿಡಬಹುದೇ?

ಮಡಿಕೇರಿ ಹತ್ತಿರದ ಎಸ್ಟೇಟ್ ಮನೆಯಲ್ಲಿ ಫೋಟೊ, ವಿಡಿಯೊ, ಪಹಣಿ, ತೋಟದ ಲೆಕ್ಕ ಸೇರಿ 400 ಜಿಬಿ ಇದೆ, ಅಷ್ಟನ್ನೂ ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೂಲಕ ಗೂಗಲ್‌ನಂಥ ಕಂಪನಿಯ ಕಂಪ್ಯೂಟರಿಗೆ, ಹಾಕಿದರೆ 256 ಜಿಬಿಯ ಲ್ಯಾಪ್‌ಟಾಪ್ ಸಾಕೇ, ಹಾರ್ಡ್ ಡಿಸ್ಕ್ ಇನ್ನು ಬೇಕೇ ಎಂದು ಕೇಳಿದ್ದೀರಿ. ಲ್ಯಾಪ್‌ಟಾಪ್‌ಗೆ 256 ಧಾರಾಳ ಸಾಕು. ಹಾರ್ಡ್ ಡಿಸ್ಕನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಮೊದಲು ನಿಮ್ಮ ಅಪ್‌ಲೋಡ್ ವೇಗ, ಅಂದರೆ ಕಡತ ಕ್ಲೌಡ್‌ಗೆ ಏರುವ ವೇಗ, ನೋಡಿಕೊಳ್ಳಿ. ಎಲ್ಲರೂ ಡೌನ್‌ಲೋಡ್ ಅಂಕಿ ನೋಡಿ ಮೋಸ ಹೋಗುವುದು ಇಲ್ಲೇ. 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್) ಅಪ್‌ಲೋಡ್ ಸತತವಾಗಿ ಸಿಕ್ಕರೂ 400 ಜಿಬಿ ಏರಲು ಸುಮಾರು 89 ಗಂಟೆ ಬೇಕು. 2 ಎಂಬಿಪಿಎಸ್ ಆದರೆ ಹದಿನೆಂಟು ದಿನ ದಾಟುತ್ತದೆ. ಜನವರಿಯಿಂದ ಮೇ ಒಳಗೆ ಈ ಕೆಲಸ ಮುಗಿಸಿ. ಜೂನ್ ಹಿಡಿದ ಮೇಲೆ ಮರ ಬಿದ್ದು ಕರೆಂಟೂ ಕೇಬಲ್ಲೂ ಒಟ್ಟಿಗೆ ಹೋದರೆ ರೂಟರಿಗೆ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ. ಕಡತಗಳು ಬೇಕಾದ ದಿನವೇ ಕೈಗೆ ಸಿಗುವುದಿಲ್ಲ.

ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ. ಅದರಲ್ಲೇ ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ, ತುಂಬಿದರೆ ಮೇಲ್ ಬರುವುದೂ ನಿಲ್ಲುತ್ತದೆ. ಹಾಗಾಗಿ 400 ಜಿಬಿಗೆ ದುಡ್ಡು ಕೊಡಲೇಬೇಕು. ಬ್ಯಾಕಪ್ ಸೆಟ್ಟಿಂಗ್‌ನಲ್ಲಿ 'ಒರಿಜಿನಲ್ ಕ್ವಾಲಿಟಿ' ಆರಿಸಿ, 'ಸ್ಟೋರೇಜ್ ಸೇವರ್' ಫೋಟೊಗಳನ್ನು ಕುಗ್ಗಿಸುತ್ತದೆ.

ಜನ ಫೋಟೊ ಕಳೆದುಕೊಳ್ಳುವುದು ಹೆಚ್ಚಾಗಿ ಸಿಂಕ್ (ಒಂದು ಕಡೆ ಬದಲಾದದ್ದು ಇನ್ನೊಂದು ಕಡೆಯೂ ಬದಲಾಗುವುದು) ಮತ್ತು ಬ್ಯಾಕಪ್ (ಬೇರೆಯೇ ಉಳಿಯುವ ಪ್ರತಿ) ಒಂದೇ ಎಂದುಕೊಂಡಾಗ. ಜಾಗ ಮಾಡಲೆಂದು ಫೋನಿನ ಗೂಗಲ್ ಫೋಟೋಸ್‌ನಲ್ಲಿ ಡಿಲೀಟ್ ಒತ್ತಿದರೆ ಕ್ಲೌಡ್‌ನಲ್ಲೂ ಹೋಗುತ್ತದೆ, ಬ್ಯಾಕಪ್ ಆದದ್ದು ಕಸದ ಬುಟ್ಟಿಯಲ್ಲಿ 60 ದಿನ ಮಾತ್ರ ಇರುತ್ತದೆ. ಡಿಲೀಟ್ ಬದಲು 'ಫ್ರೀ ಅಪ್ ಸ್ಪೇಸ್' ಬಳಸಿ. ಅದು ಫೋನಿನ ಪ್ರತಿಯನ್ನಷ್ಟೇ ತೆಗೆಯುತ್ತದೆ. ಖಾತೆ ಎರಡು ವರ್ಷ ಮುಟ್ಟದಿದ್ದರೂ ಅಳಿಸಿಹೋಗಬಹುದು, ಹಿರಿಯರ ಹೆಸರಿನ ಖಾತೆಗಳನ್ನು ಆಗಾಗ ತೆರೆಯಿರಿ.

ಇನ್ನು ಡಿಸ್ಕ್. 1 ಟಿಬಿಯ ತಿರುಗುವ ಹಾರ್ಡ್ ಡಿಸ್ಕೇ ಇರಲಿ. ಎಸ್‌ಎಸ್‌ಡಿಯನ್ನು (ತಿರುಗುವ ಭಾಗವಿಲ್ಲದ, ಚಿಪ್‌ನಲ್ಲಿ ಕಡತ ಇಡುವ ಡಿಸ್ಕ್) ವರ್ಷಗಟ್ಟಲೆ ಕರೆಂಟ್ ಕೊಡದೆ ಇಟ್ಟರೆ ಅದರ ಚಾರ್ಜ್ ನಿಧಾನವಾಗಿ ಸೋರಿ ಕಡತ ಹಾಳಾಗಬಹುದು. ಕೊಡಗಿನಲ್ಲಿ ಡಿಸ್ಕಿಗೆ ದೊಡ್ಡ ಶತ್ರು ತೇವ: ಮಳೆಗಾಲದಲ್ಲಿ ಬೀರುವಿನ ಚರ್ಮದ ಚೀಲಕ್ಕೆ ಬೂಷ್ಟು ಹಿಡಿಯುವ ಜಾಗದಲ್ಲಿ ಡಿಸ್ಕ್ ಇಡಬಾರದು. ಒಲೆ ಮೇಲಿನ ಅಟ್ಟ ಒಣಗಿರುತ್ತದೆಂದು ಅಲ್ಲಿ ಇಡುವವರಿದ್ದಾರೆ, ಬಿಸಿ ಮತ್ತು ಮಸಿ ಎರಡೂ ಅದಕ್ಕೆ ಒಳ್ಳೆಯದಲ್ಲ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿ 50 ಗ್ರಾಂನಷ್ಟು ನೀಲಿ ಸಿಲಿಕಾ ಜೆಲ್ ಜೊತೆ ಇಡಿ. ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಹೊಸದು ಹಾಕಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅಡುಗೆ ಪಾತ್ರೆಯಲ್ಲಿ ಕಾಯಿಸಬೇಡಿ. ತಣ್ಣಗಿದ್ದ ಡಿಸ್ಕನ್ನು ಬೆಚ್ಚಗಿನ ಕೋಣೆಗೆ ತಂದೊಡನೆ ಕೇಬಲ್ ಹಾಕದೆ, ಡಬ್ಬಿ ಮುಚ್ಚಿಯೇ ಒಂದು ಗಂಟೆ ಬಿಡಿ, ಇಲ್ಲದಿದ್ದರೆ ಒಳಗೆ ನೀರಹನಿ ಕಟ್ಟುತ್ತದೆ.

ಪಹಣಿ, ಕ್ರಯಪತ್ರಗಳ ಪಿಡಿಎಫ್ ಮೂರು ಕಡೆ ಇರಲಿ: ಫೋನಿನಲ್ಲಿ ಆಫ್‌ಲೈನ್, ಡಿಸ್ಕಿನಲ್ಲಿ, ಕ್ಲೌಡ್‌ನಲ್ಲಿ. ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ, ಡಿಸ್ಕಿನಿಂದ ಹತ್ತು ಕಡತ, ಕ್ಲೌಡ್‌ನಿಂದ ಹತ್ತು ಕಡತ ತೆರೆದು ನೋಡಿ.