ಲೀಡ್ಸ್‌ನ ಹುಣ್ಣಿಮೆ, ಧಾರವಾಡದ ಕಳವಳ

ಧಾರವಾಡದ ನಿವೃತ್ತ ಶಿಕ್ಷಕಿಯೊಬ್ಬರು ನಮಗೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರ ಮಗಳು ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಓದುತ್ತಿದ್ದಾಳೆ. ಅದೇ ಮನೆಯಲ್ಲಿ ಬಾಡಿಗೆಗಿರುವ ಇಂಗ್ಲಿಷ್ ಹುಡುಗಿಯೊಬ್ಬಳು ತಾನು ‘ವಿಕ್ಕಾ’ ಧರ್ಮದವಳು ಎಂದೂ ‘ವಿಚ್’ ಎಂದೂ ಹೇಳಿಕೊಳ್ಳುತ್ತಾಳೆ. ಹುಣ್ಣಿಮೆಯ ರಾತ್ರಿ ಮೇಣದಬತ್ತಿ, ನೀರಿನ ಬಟ್ಟಲು, ಕಪ್ಪು ಹಿಡಿಯ ಚಾಕು ಇಟ್ಟುಕೊಂಡು ಏನೋ ಪೂಜೆ ಮಾಡುತ್ತಾಳೆ. ಅಮಾವಾಸ್ಯೆಯ ಹೊತ್ತಿಗೆ ದೀಪ ಆರಿಸಿ ಸುಮ್ಮನೆ ಕೂರುತ್ತಾಳೆ. ಕಳೆದ ಹುಣ್ಣಿಮೆಗೆ ಚಂದ್ರನ ಆಕಾರದ ಬಿಸ್ಕತ್ತು ಮಾಡಿ ಕೊಟ್ಟಳಂತೆ, ಮಗಳು ತಿಂದಳಂತೆ. “ಇದು ಮಾಟವೇ? ನಮ್ಮ ತಿಥಿಗಳನ್ನೇ ಅವರು ಎತ್ತಿಕೊಂಡಿದ್ದಾರೆಯೇ? ಮಗಳು ಆ ಬಿಸ್ಕತ್ತು ತಿಂದದ್ದು ತಪ್ಪಾಯಿತೇ?” ಎಂದು ಕೇಳಿದ್ದಾರೆ.

ಅಕ್ಕನವರಿಗೆ ನಮಸ್ಕಾರಗಳು.

ನಿಮ್ಮ ಪತ್ರದ ಎರಡನೆಯ ಪುಟದಲ್ಲಿ ‘ಮಾಟಗಾತಿ’ ಎಂಬ ಪದವನ್ನು ಬರೆದು, ಗೀಟು ಹಾಕಿ, ಮತ್ತೆ ಬರೆದಿದ್ದೀರಿ. ಆ ಗೀಟಿನಲ್ಲೇ ನಿಮ್ಮ ಸಂಕಟ ಕಾಣುತ್ತದೆ. ಹಾಗಾಗಿ ಚಂದ್ರನ ವಿಷಯಕ್ಕೆ ಹೋಗುವ ಮೊದಲು ಆ ಪದದ ಬಗ್ಗೆ ಎರಡು ಮಾತು ಹೇಳುತ್ತೇನೆ.

ನಮ್ಮ ದೇಶದಲ್ಲಿ ಆ ಹೆಸರು ಹೊತ್ತ ಹೆಂಗಸರು ಊರು ಬಿಟ್ಟಿದ್ದಾರೆ, ಏಟು ತಿಂದಿದ್ದಾರೆ, ಪ್ರಾಣ ಕಳೆದುಕೊಂಡಿದ್ದಾರೆ. ಅಮಾನವೀಯ ಆಚರಣೆ ಮತ್ತು ವಾಮಾಚಾರದ ವಿರುದ್ಧ ಕರ್ನಾಟಕ 2017ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಯೂರೋಪಿನಲ್ಲಿಯೂ ಹೀಗೇ ಆಗಿದೆ. ಹದಿನೈದರಿಂದ ಹದಿನೆಂಟನೆಯ ಶತಮಾನದವರೆಗೆ ಅಲ್ಲಿ ಮಾಟದ ಆರೋಪ ಹೊತ್ತು ಮರಣದಂಡನೆಗೆ ಗುರಿಯಾದವರು 40,000ದಿಂದ 60,000 ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಅವರಲ್ಲಿ ಹೆಚ್ಚಿನವರು ಹೆಂಗಸರು. ಅಂಥ ಪದವನ್ನು ಇಪ್ಪತ್ತನೆಯ ಶತಮಾನದಲ್ಲಿ ಕೆಲವರು ಬೇಕೆಂದೇ ಎತ್ತಿಕೊಂಡು ತಮ್ಮ ಧರ್ಮದ ಹೆಸರಾಗಿ ಮಾಡಿಕೊಂಡರು. ಲೀಡ್ಸ್‌ನ ಹುಡುಗಿ ‘ವಿಚ್’ ಎಂದಾಗ ಆಕೆ ಹೇಳುತ್ತಿರುವುದು ತನ್ನ ನಂಬಿಕೆಯ ಹೆಸರು. ಅದನ್ನು ಕನ್ನಡದ ‘ಮಾಟಗಾತಿ’ಗೆ ತಂದು ಕೂರಿಸಿದರೆ ಆಕೆ ಎಂದೂ ಮಾಡದ ಕೆಲಸವೆಲ್ಲ ಆಕೆಯ ತಲೆಗೆ ಬರುತ್ತದೆ. ‘ಯಾರಿಗೂ ಕೇಡಾಗದಿದ್ದರೆ ನಿನ್ನ ಇಷ್ಟದಂತೆ ನಡೆ’ ಎಂಬುದು ವಿಕ್ಕಾದವರು ಎಲ್ಲಕ್ಕಿಂತ ಹೆಚ್ಚು ಹೇಳುವ ನೀತಿ. ಮಾಡಿದ ಒಳಿತು ಕೆಡುಕು ಮೂರು ಪಟ್ಟಾಗಿ ಮಾಡಿದವರಿಗೇ ಮರಳುತ್ತದೆ ಎಂದೂ ಅವರಲ್ಲಿ ಬಹಳ ಮಂದಿ ನಂಬುತ್ತಾರೆ. ಇನ್ನೊಬ್ಬರ ಮನೆ ಕೆಡಿಸಲು ನಿಂಬೆಹಣ್ಣು ಹೂಳುವವರ ಸಾಲಿಗೆ ಅವರನ್ನು ಸೇರಿಸಬೇಡಿ.

ಇನ್ನು ಆ ರಾತ್ರಿ ಆಕೆ ಏನು ಮಾಡುತ್ತಾಳೆ ಎನ್ನುವುದು. ವಿಕ್ಕಾದಲ್ಲಿ ಎರಡು ಬಗೆಯ ಆಚರಣೆಗಳಿವೆ. ವರ್ಷಕ್ಕೆ ಎಂಟು ದೊಡ್ಡ ಹಬ್ಬಗಳು. ಅವು ಸೂರ್ಯನ ಗತಿಯನ್ನು, ಋತುಗಳನ್ನು ಹಿಡಿದು ಬರುತ್ತವೆ. ಚಂದ್ರನ ಲೆಕ್ಕದಲ್ಲಿ ಬರುವ ಕೂಟಗಳಿಗೆ ‘ಎಸ್ಬಾಟ್’ ಎನ್ನುತ್ತಾರೆ. ಹುಣ್ಣಿಮೆಯ ಎಸ್ಬಾಟ್ ವರ್ಷಕ್ಕೆ ಹನ್ನೆರಡು, ಕೆಲವು ವರ್ಷ ಹದಿಮೂರು. ಹನ್ನೆರಡು ಚಾಂದ್ರಮಾಸಗಳು ಸೇರಿದರೆ 354 ದಿನ. ಸೌರವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಆ ಬಾಕಿ ಕೂಡಿ ಕೂಡಿ ನಮಗೆ ಅಧಿಕಮಾಸ ಬರುತ್ತದೆ, ಅವರಿಗೆ ಹದಿಮೂರನೆಯ ಹುಣ್ಣಿಮೆ ಬರುತ್ತದೆ.

ಆಕೆ ಮೊದಲು ಉಪ್ಪು ಬೆರೆಸಿದ ನೀರನ್ನು ಚಿಮುಕಿಸಿ ಜಾಗ ಶುದ್ಧಿ ಮಾಡಿಕೊಳ್ಳುತ್ತಾಳೆ. ಆಮೇಲೆ ನೀವು ಹೆದರಿದ ಆ ಕಪ್ಪು ಹಿಡಿಯ ಚಾಕು. ಅದರ ಹೆಸರು ‘ಅಥಮೇ’. ಸಾಂಪ್ರದಾಯಿಕ ಕೂಟಗಳಲ್ಲಿ ಅದರಿಂದ ತರಕಾರಿ ಹೆಚ್ಚುವುದಿಲ್ಲ, ನೂಲನ್ನೂ ಕತ್ತರಿಸುವುದಿಲ್ಲ. ಗಾಳಿಯಲ್ಲಿ ಒಂದು ವೃತ್ತ ಬರೆಯುವುದಕ್ಕೆ ಮುಖ್ಯವಾಗಿ ಅದು ಬೇಕು. ಹಳೆಯ ಕೂಟಗಳಲ್ಲಿ ಆ ವೃತ್ತ ಒಂಬತ್ತು ಅಡಿ ಅಗಲವಿರಬೇಕೆಂಬ ನಿಯಮವುಂಟು. ಬಾಡಿಗೆ ಕೋಣೆಯಲ್ಲಿ ಮಂಚ, ಮೇಜಿನ ನಡುವೆ ಎಷ್ಟು ಜಾಗ ಸಿಕ್ಕಿದರೆ ಅಷ್ಟು. ಪೂರ್ವಕ್ಕೆ ಗಾಳಿ, ದಕ್ಷಿಣಕ್ಕೆ ಬೆಂಕಿ, ಪಶ್ಚಿಮಕ್ಕೆ ನೀರು, ಉತ್ತರಕ್ಕೆ ಭೂಮಿ ಎಂದು ನಾಲ್ಕು ದಿಕ್ಕುಗಳನ್ನು ಕರೆಯುತ್ತಾಳೆ. ನೀರಿನ ಬಟ್ಟಲನ್ನು ಕಿಟಕಿಯ ಬಳಿ ಇಡುವುದು ಚಂದ್ರಬಿಂಬ ಅದರಲ್ಲಿ ಬೀಳಲಿ ಎಂದು. ಲೀಡ್ಸ್‌ನಲ್ಲಿ ಎಷ್ಟೋ ಹುಣ್ಣಿಮೆಗಳಂದು ಮೋಡವೇ ಮುಸುಕಿರುತ್ತದೆ; ಆಗಲೂ ಪೂಜೆ ನಿಲ್ಲುವುದಿಲ್ಲ.

ಕೂಟವಾಗಿ ಸೇರುವವರಲ್ಲಿ ಇದಕ್ಕಿಂತ ಗಂಭೀರವಾದ ಒಂದು ಘಟ್ಟವಿದೆ. ‘ಚಂದ್ರನನ್ನು ಕೆಳಗಿಳಿಸುವುದು’ ಎಂದು ಅದರ ಹೆಸರು. ಪ್ರಧಾನ ಅರ್ಚಕಿ ನಿಂತಿರುತ್ತಾಳೆ, ಅರ್ಚಕ ಮಂಡಿಯೂರಿ ದೇವಿಯನ್ನು ಆಕೆಯ ಮೈಗೆ ಆವಾಹಿಸುತ್ತಾನೆ, ಆಮೇಲೆ ಆಕೆ ದೇವಿಯಾಗಿಯೇ ಮಾತನಾಡುತ್ತಾಳೆ. ಮೈಮೇಲೆ ದೇವರು ಬರುವುದನ್ನು ಕಂಡು ಬೆಳೆದ ನಮಗೆ ಇದು ತೀರಾ ಅಪರಿಚಿತವಲ್ಲ. ಅಂತರ್ಜಾಲದಲ್ಲಿ ಹುಡುಕಿದರೆ ನಿಮಗೆ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳಬಹುದು, ಅದನ್ನು ನಾನೇ ಹೇಳಿಬಿಡುತ್ತೇನೆ: ಹಳೆಯ ಪದ್ಧತಿಯ ಕೆಲವು ಕೂಟಗಳು ವಿವಸ್ತ್ರರಾಗಿ ಪೂಜಿಸುತ್ತವೆ. ಉಳಿದ ಎಷ್ಟೋ ಮಂದಿ ನಿಲುವಂಗಿ ಧರಿಸುತ್ತಾರೆ, ಅಥವಾ ಮನೆಯ ಬಟ್ಟೆಯಲ್ಲೇ ಇರುತ್ತಾರೆ. ಕೂಟವೇ ಇಲ್ಲದೆ ಒಬ್ಬೊಬ್ಬರೇ ಆಚರಿಸುವವರು ಈಗ ಬಹಳ. ನಿಮ್ಮ ಮಗಳ ಜೊತೆಗಾತಿಯೂ ಅವರಲ್ಲೊಬ್ಬಳು.

ಚಂದ್ರನ ಹಂತಗಳ ಅರ್ಥ ಆಕೆಗೇನು? ತತ್ವ ಸರಳವಾಗಿದೆ. ಬೆಳೆಯಬೇಕಾದದ್ದನ್ನು ಬೆಳೆಯುವ ಚಂದ್ರನಿಗೆ ಒಪ್ಪಿಸು, ಕರಗಬೇಕಾದದ್ದನ್ನು ಕರಗುವ ಚಂದ್ರನಿಗೆ ಒಪ್ಪಿಸು. ಶುಕ್ಲಪಕ್ಷದಲ್ಲಿ ಹೊಸ ಕೆಲಸ, ಓದು, ಸ್ನೇಹ, ಆರೋಗ್ಯ ಇವುಗಳ ಸಂಕಲ್ಪ; ಕುಂಡದಲ್ಲಿ ಬೀಜ ಊರಿ ಅದರ ಮೇಲೆ ಹರಕೆಯ ಮಾತು ಹೇಳುವುದೂ ಉಂಟು. ಹುಣ್ಣಿಮೆ ಶಕ್ತಿಯ ತುದಿ. ಅಂದು ಕೃತಜ್ಞತೆ, ಭವಿಷ್ಯ ನೋಡುವುದು, ಪೂಜೆಯ ಸಾಮಾನುಗಳನ್ನು ಬೆಳದಿಂಗಳಿಗೆ ಇಡುವುದು. ಹುಣ್ಣಿಮೆಯ ನಿಖರ ಗಳಿಗೆಯೇ ಆಗಬೇಕೆಂದಿಲ್ಲ. ಹಿಂದಿನ ಮುಂದಿನ ಒಂದು ದಿನ ನಡೆಯುತ್ತದೆ.

ಕೃಷ್ಣಪಕ್ಷದ ಆಚರಣೆಯೇ ನನಗೆ ಹೆಚ್ಚು ಹಿಡಿಸುವುದು. ಬಿಡಬೇಕೆಂದಿರುವ ಚಟವನ್ನೋ ಮರೆಯಬೇಕೆಂದಿರುವ ನೋವನ್ನೋ ಒಂದು ಚೀಟಿಯಲ್ಲಿ ಬರೆದು, ಕಬ್ಬಿಣದ ಪಾತ್ರೆಯಲ್ಲಿ ಸುಟ್ಟು, ಬೂದಿಯನ್ನು ಮಣ್ಣಿಗೆ ಸೇರಿಸುತ್ತಾರೆ. ಆಮೇಲೆ ಪ್ರತಿ ರಾತ್ರಿ ಆಕಾಶ ನೋಡಿದಾಗ ಚಂದ್ರ ಒಂದು ತುಣುಕು ಕಡಿಮೆಯಾಗಿರುತ್ತಾನೆ. ಮನಸ್ಸಿನಿಂದ ಏನನ್ನಾದರೂ ಕಳೆಯಲು ಹೆಣಗುವವರಿಗೆ ಅದು ಎಂಥ ಆಸರೆ ಎಂದು ಯೋಚಿಸಿ. ನನ್ನ ಅಜ್ಜ ಮಲೆನಾಡಿನವರು. ಬಿದಿರು ಕಡಿಯಲು ಹುಣ್ಣಿಮೆ ಕಳೆಯಲಿ ಎಂದು ಕಾಯುತ್ತಿದ್ದರು. ಬೆಳದಿಂಗಳಲ್ಲಿ ಕಡಿದ ಬಿದಿರಿಗೆ ಹುಳು ಹಿಡಿಯುತ್ತದೆ ಎನ್ನುತ್ತಿದ್ದರು. ಯೂರೋಪಿನ ರೈತರಲ್ಲಿಯೂ ಮರ ಕಡಿಯಲು ಕತ್ತಲೆಯ ಪಕ್ಷ, ಬಿತ್ತನೆಗೆ ಬೆಳಕಿನ ಪಕ್ಷ ಎಂಬ ಮಾತು ರೋಮನ್ನರ ಕಾಲದಿಂದ ಇದೆ. ವಿಕ್ಕಾದ ಪಕ್ಷವಿಚಾರಕ್ಕೆ ಮಣ್ಣಿನ ವಾಸನೆ ಬಂದಿರುವುದು ಅಲ್ಲಿಂದ.

ಅಮಾವಾಸ್ಯೆಯ ಬಗ್ಗೆ ನೀವು ತುಂಬ ಹೆದರಿದ್ದೀರಿ. ನಮ್ಮಲ್ಲಿ ಅಮಾವಾಸ್ಯೆಗೆ ಪ್ರಯಾಣ ಮುಂದೂಡುವವರಿದ್ದಾರೆ, ಅಂಗಡಿಯ ಮುಂದೆ ಕುಂಬಳಕಾಯಿ ಒಡೆಯುವವರಿದ್ದಾರೆ. ಆದರೆ ಮಣ್ಣೆತ್ತು ಮಾಡುವುದೂ ಅಮಾವಾಸ್ಯೆಗೇ, ದೀಪಾವಳಿಯ ಲಕ್ಷ್ಮೀಪೂಜೆಯೂ ಅಮಾವಾಸ್ಯೆಗೇ ಅಲ್ಲವೇ? ವಿಕ್ಕಾದವರಿಗೆ ಅದು ಬಿಡುವಿನ ಕಾಲ. ಕೆಲವರು ಯಾವ ಮಂತ್ರಕ್ರಿಯೆಯನ್ನೂ ಮಾಡದೆ ಸುಮ್ಮನಿರುತ್ತಾರೆ. ಇನ್ನು ಕೆಲವರು ಕಪ್ಪು ಬಟ್ಟಲಿನ ನೀರನ್ನು ದಿಟ್ಟಿಸುತ್ತ ಮನಸ್ಸಿನೊಳಗೆ ಇಳಿಯುತ್ತಾರೆ, ಗ್ರೀಕರ ಹೆಕಟೆ ದೇವಿಯನ್ನು ನೆನೆಯುತ್ತಾರೆ. ದೀಪ ಆರಿಸಿ ಕುಳಿತ ಆ ಹುಡುಗಿ ಮೌನದಲ್ಲಿದ್ದಾಳೆ, ಅಷ್ಟೇ.

ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ತಿಥಿಗಳನ್ನು ಅವರು ನಮ್ಮಿಂದ ಎತ್ತಿಕೊಂಡಿಲ್ಲ. ನಮ್ಮ ತಿಥಿ ಎಂದರೆ ಸೂರ್ಯನಿಂದ ಚಂದ್ರ ಹನ್ನೆರಡು ಡಿಗ್ರಿ ಸರಿಯುವ ಅವಧಿ, ತಿಂಗಳಿಗೆ ಮೂವತ್ತು. ಅವರಲ್ಲಿ ಈ ಸೂಕ್ಷ್ಮ ಗಣಿತವಿಲ್ಲ, ಬಿದಿಗೆಯಿಲ್ಲ, ಸಂಕಷ್ಟಿಯಿಲ್ಲ. ಇನ್ನೂ ದೊಡ್ಡ ವ್ಯತ್ಯಾಸವೆಂದರೆ ನಮಗೆ ಚಂದ್ರ ಗಂಡು, ಮಕ್ಕಳಿಗೆ ಚಂದಮಾಮ, ತಾಯಿಯ ಒಡಹುಟ್ಟಿದವನು. ಅವರಿಗೆ ಚಂದ್ರ ತಾಯಿಯೇ. ಬೆಳೆಯುವ ಚಂದ್ರ ಕನ್ಯೆ, ಹುಣ್ಣಿಮೆ ತಾಯಿ, ಕ್ಷೀಣಿಸುವ ಚಂದ್ರ ಮುದುಕಿ. ಮೂವರೂ ಒಬ್ಬಳೇ ದೇವಿ. ಈ ಮೂರು ಮುಖದ ಕಲ್ಪನೆ ಬೇರೂರಿದ್ದು ರಾಬರ್ಟ್ ಗ್ರೇವ್ಸ್ ಎಂಬ ಇಂಗ್ಲಿಷ್ ಕವಿ 1948ರಲ್ಲಿ ಪ್ರಕಟಿಸಿದ ಗ್ರಂಥದಿಂದ. ಇದರ ಬಗ್ಗೆ ನನಗೊಂದು ತಕರಾರಿದೆ, ಅಲ್ಲಿನ ಹಲವು ಹೆಂಗಸರಿಗೂ ಇದೆ: ಹೆಣ್ಣಿನ ಬದುಕನ್ನು ಮದುವೆಗೆ ಮುಂಚೆ, ಮಕ್ಕಳಾದಾಗ, ಮುಟ್ಟು ನಿಂತ ಮೇಲೆ ಎಂದು ಅಳೆದರೆ ಮಕ್ಕಳಿಲ್ಲದವಳು ಯಾವ ಚಂದ್ರ? ಮೂವತ್ತು ವರ್ಷ ತರಗತಿಯಲ್ಲಿ ನಿಂತು ಪಾಠ ಹೇಳಿದ ನಿಮ್ಮನ್ನು ‘ಮುದುಕಿ’ಯ ಕೋಣೆಗೆ ಸೇರಿಸಲು ನಾನಂತೂ ಒಪ್ಪುವುದಿಲ್ಲ.

ಆ ಹುಡುಗಿ ನಿಮ್ಮ ಮಗಳಿಗೆ ‘ನಮ್ಮದು ಸಾವಿರಾರು ವರ್ಷಗಳ ಧರ್ಮ’ ಎಂದಿದ್ದಾಳೆಂದು ಬರೆದಿದ್ದೀರಿ. ಇದು ಮಾತ್ರ ನಿಲ್ಲುವುದಿಲ್ಲ. ವಿಕ್ಕಾವನ್ನು ಲೋಕಕ್ಕೆ ತಂದವರು ಜೆರಾಲ್ಡ್ ಗಾರ್ಡ್ನರ್. 1884ರಲ್ಲಿ ಹುಟ್ಟಿದ ಅವರು ಸಿಲೋನಿನಲ್ಲಿ, ಬೋರ್ನಿಯೋದಲ್ಲಿ, ಮಲಯದಲ್ಲಿ ತೋಟಗಳಲ್ಲಿಯೂ ಸುಂಕದ ಇಲಾಖೆಯಲ್ಲಿಯೂ ದುಡಿದು 1936ರಲ್ಲಿ ನಿವೃತ್ತರಾದವರು. ಇಂಗ್ಲೆಂಡಿಗೆ ಮರಳಿ, 1939ರಲ್ಲಿ ನ್ಯೂ ಫಾರೆಸ್ಟ್ ಪ್ರದೇಶದ ಒಂದು ಗುಪ್ತ ಕೂಟದಲ್ಲಿ ದೀಕ್ಷೆ ಪಡೆದೆ ಎಂದು ಅವರು ಹೇಳಿಕೊಂಡರು. 1735ರ ಮಾಟ ಕಾಯ್ದೆಯನ್ನು ಬ್ರಿಟನ್ 1951ರಲ್ಲಿ ರದ್ದು ಮಾಡಿತು. 1954ರಲ್ಲಿ ಗಾರ್ಡ್ನರ್ ತಮ್ಮ ಧರ್ಮದ ಬಗ್ಗೆ ಬಹಿರಂಗವಾಗಿ ಪುಸ್ತಕ ಬರೆದರು. ಹಿಂದೆ ಶಿಕ್ಷೆಗೆ ಗುರಿಯಾದ ‘ಮಾಟಗಾತಿ’ಯರೆಲ್ಲ ಒಂದು ಪ್ರಾಚೀನ ಧರ್ಮದವರು ಎಂದು ಕಲ್ಕತ್ತೆಯಲ್ಲಿ ಹುಟ್ಟಿದ ವಿದ್ವಾಂಸೆ ಮಾರ್ಗರೆಟ್ ಮರ್ರೆ 1921ರಲ್ಲಿ ವಾದಿಸಿದ್ದರು, ಗಾರ್ಡ್ನರ್ ಅದನ್ನು ನಂಬಿದರು. ಇತಿಹಾಸಕಾರರು ಆ ವಾದವನ್ನು ತಳ್ಳಿಹಾಕಿದ್ದಾರೆ. ಹುಣ್ಣಿಮೆಗೆ ಗುಟ್ಟಾದ ಜಾಗದಲ್ಲಿ ಸೇರಿ ಡಯಾನಾ ದೇವಿಯನ್ನು ಪೂಜಿಸಿರಿ ಎಂಬ ಆದೇಶ ಬಂದದ್ದು ಅಮೆರಿಕದ ಚಾರ್ಲ್ಸ್ ಲೀಲ್ಯಾಂಡ್ ಇಟಲಿಯ ಜನಪದ ಸಾಮಗ್ರಿಯೆಂದು 1899ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಿಂದ. ಅದಕ್ಕೆ ಇಂದು ಕೂಟಗಳಲ್ಲಿ ಕೇಳುವ ಚೆಲುವಾದ ಮಾತಿನ ರೂಪ ಕೊಟ್ಟವರು ಡೊರೀನ್ ವ್ಯಾಲಿಯೆಂಟೆ. ಗಾರ್ಡ್ನರ್ ಅವರಿಂದ 1953ರಲ್ಲಿ ದೀಕ್ಷೆ ಪಡೆದವರು.

ಹಳೆಯದು ಏನೂ ಇಲ್ಲವೆಂದಲ್ಲ. ಥೆಸಲಿ ಎಂಬ ಪ್ರಾಂತ್ಯದ ಹೆಂಗಸರು ಚಂದ್ರನನ್ನು ಕೆಳಗಿಳಿಸಬಲ್ಲರು ಎಂಬ ಮಾತು ಪ್ರಾಚೀನ ಗ್ರೀಸಿನಲ್ಲಿತ್ತು. ಕ್ರಿ.ಪೂ. 423ರಲ್ಲಿ ಆಡಿದ ಅರಿಸ್ಟೋಫನೀಸನ ನಾಟಕವೊಂದರಲ್ಲಿ ಸಾಲದಲ್ಲಿ ಮುಳುಗಿದ ಮುದುಕನೊಬ್ಬನಿಗೆ ಒಂದು ಉಪಾಯ ಹೊಳೆಯುತ್ತದೆ. ಬಡ್ಡಿ ಕಟ್ಟುವುದು ತಿಂಗಳ ಲೆಕ್ಕದಲ್ಲಿ. ಥೆಸಲಿಯ ಮಾಂತ್ರಿಕಳಿಂದ ಚಂದ್ರನನ್ನು ಇಳಿಸಿ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ತಿಂಗಳೇ ಬರುವುದಿಲ್ಲ, ಬಡ್ಡಿಯೂ ಬರುವುದಿಲ್ಲ! ಆ ಹೆಸರು ಉಳಿದು ಬಂದಿದೆ. ಇಂದಿನ ಪೂಜೆಯ ಕ್ರಮ ಮಾತ್ರ ನಿಮ್ಮ ತಾಯಿಯವರ ಕಾಲದ್ದು. ಎಳೆಯ ಧರ್ಮ ಎಂದ ಮಾತ್ರಕ್ಕೆ ಸುಳ್ಳು ಧರ್ಮ ಎಂದು ನಾನು ಹೇಳುವುದಿಲ್ಲ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 13,000 ಜನ ತಮ್ಮ ಧರ್ಮ ವಿಕ್ಕಾ ಎಂದು ಬರೆಸಿದ್ದಾರೆ.

ಆ ಹುಡುಗಿಯ ಕೊರಳಲ್ಲಿರುವ ಪದಕದ ಚಿತ್ರವನ್ನು ನೀವು ಪತ್ರದ ಅಂಚಿನಲ್ಲಿ ಬಿಡಿಸಿದ್ದೀರಿ: ನಡುವೆ ಪೂರ್ಣಚಂದ್ರ, ಎರಡು ಬದಿಗೂ ನೆಟ್ಟಗೆ ನಿಂತ ಅರ್ಧಚಂದ್ರಗಳು. ಎಡಗಡೆಯದು ಬೆಳೆಯುವ ಚಂದ್ರ, ಬಲಗಡೆಯದು ಕರಗುವ ಚಂದ್ರ. ಅದು ಉತ್ತರದ ಆಕಾಶದ ಚಿತ್ರ. ಲೀಡ್ಸ್‌ನಲ್ಲಿ ಎಳೆಯ ಚಂದ್ರ ಹೆಚ್ಚಾಗಿ ಓರೆಯಾಗಿ ನಿಂತಂತೆ ಕಾಣುತ್ತಾನೆ. ಧಾರವಾಡದಲ್ಲಿ ಬಿದಿಗೆಯ ಸಂಜೆ ನೀವು ಕಾಣುವವನು ದೋಣಿಯಂತೆ ಬೆನ್ನ ಮೇಲೆ ಮಲಗಿರುತ್ತಾನೆ, ಶಿವನ ಜಡೆಯಲ್ಲಿ ಚಿತ್ರಕಾರರು ಇಡುವ ಹಾಗೆ. ಮಗಳಿಗೆ ಫೋನ್ ಮಾಡಿದಾಗ ಇದನ್ನು ಕೇಳಿ. ಇಬ್ಬರೂ ಅದೇ ಸಂಜೆ ಅದೇ ಚಂದ್ರನನ್ನು ನೋಡಿ ಹೇಗೆ ಕಂಡನೆಂದು ಹೇಳಿಕೊಳ್ಳಿ.

ಕೊನೆಗೆ ಬಿಸ್ಕತ್ತು. ಪೂಜೆಯ ಕೊನೆಯಲ್ಲಿ ತಿಂಡಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವುದು ವಿಕ್ಕಾದ ಪದ್ಧತಿ. ಲೀಲ್ಯಾಂಡರ ಪುಸ್ತಕದಲ್ಲಿ ಹಿಟ್ಟು, ದ್ರಾಕ್ಷಾರಸ, ಉಪ್ಪು, ಜೇನು ಕಲಸಿ ಚಂದ್ರನ ಆಕಾರಕ್ಕೆ ತಟ್ಟಬೇಕೆಂದಿದೆ. ಈಗ ಬಾದಾಮಿ, ಬೆಣ್ಣೆ ಹಾಕಿ ಮಾಡುವವರೂ ಇದ್ದಾರೆ. ತಿನ್ನುವ ಮೊದಲೋ ಆಮೇಲೋ ಒಂದು ತುಣುಕನ್ನೂ ಸ್ವಲ್ಪ ರಸವನ್ನೂ ಮಣ್ಣಿಗೆ ಅರ್ಪಿಸುತ್ತಾರೆ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ನಿಮಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಮಗಳು ತಿಂದದ್ದರಲ್ಲಿ ತಪ್ಪಿಲ್ಲ, ಅದರಿಂದ ಆಕೆ ಯಾವ ದೀಕ್ಷೆಗೂ ಒಳಗಾಗಲಿಲ್ಲ. ನಿಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಿಲ್ಲವೆಂದು ಬರೆದಿದ್ದೀರಿ; ಹಿಟ್ಟಿಗೆ ಮೊಟ್ಟೆ ಸೇರಿಸಿದ್ದಾಳೆಯೇ ಎಂದು ಮುಂದಿನ ಸಲ ಕೇಳಿಕೊಳ್ಳಲು ಮಗಳಿಗೆ ಹೇಳಿ. ವೃತ್ತದೊಳಗೆ ಬಾ ಎಂದು ಕರೆದರೆ ಹೋಗುವುದು ಬಿಡುವುದು ಮಗಳಿಗೆ ಬಿಟ್ಟದ್ದು. ಬೇಡ ಎಂದರೆ ಆ ಹುಡುಗಿ ಬೇಸರಪಟ್ಟುಕೊಳ್ಳಬೇಕಾಗಿಲ್ಲ.

ಮುಂದಿನ ಪಾರ್ಸೆಲ್‌ನಲ್ಲಿ ಚಟ್ನಿಪುಡಿಯ ಜೊತೆಗೆ ಹತ್ತು ಕರ್ಚಿಕಾಯಿ ಕಳಿಸುತ್ತೇನೆಂದು ಬರೆದಿದ್ದೀರಲ್ಲ, ಅದನ್ನು ಇಪ್ಪತ್ತು ಮಾಡಿ. ಅವೂ ಅರ್ಧಚಂದ್ರನ ಆಕಾರದವೇ.

— ಸಂಪಾದಕಿ